ಡಿಸ್ಕಿಗಿಳಿದ ಮಾತು ತಪ್ಪಬಾರದು: ಕರ್ನಲ್‌ನ ಫೈಲ್ ಸಿಸ್ಟಮ್ ಕೋಡನ್ನು ಕಾಪಾಡುವ ಕೆಲಸ

(ಬಸವನಗುಡಿಯ ಸಭಾಂಗಣವೊಂದರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಾಫ್ಟ್‌ವೇರ್ ಉದ್ಯೋಗಿಗಳ ಎದುರು ಕನ್ನಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಬಗೆಬಗೆಯ ಕೋಡ್ ಇದೆ. ನೆಟ್‌ವರ್ಕ್ ಭಾಗ ಒಂದು ಪ್ಯಾಕೆಟ್ ಕಳೆದುಕೊಂಡರೆ ಟಿಸಿಪಿ ಅದನ್ನು ಮತ್ತೆ ಕಳುಹಿಸುತ್ತದೆ. ಶೆಡ್ಯೂಲರ್ ತಪ್ಪು ಪ್ರಕ್ರಿಯೆಗೆ ಸರದಿ ಕೊಟ್ಟರೆ ಕೆಲವು ಮಿಲಿಸೆಕೆಂಡು ವ್ಯರ್ಥವಾಗುತ್ತದೆ, ಅಷ್ಟೆ. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರಾಯಿತು. ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಫೈಲ್ ಸಿಸ್ಟಮ್ ಮಾಡಿದ ತಪ್ಪು ಮಾತ್ರ ಯಂತ್ರ ಆರಿಸಿ ಹಚ್ಚಿದ ಮೇಲೂ ಡಿಸ್ಕಿನಲ್ಲೇ ಕುಳಿತಿರುತ್ತದೆ. ಇಂದು ಆದ ತಪ್ಪು ಆರು ತಿಂಗಳ ನಂತರ, ಬ್ಯಾಕಪ್‌ಗಳಿಗೂ ಹರಡಿದ ಮೇಲೆ, ಯಾರದೋ ಮಗುವಿನ ಫೋಟೋ ತೆರೆಯದೆ ಹೋದಾಗ ಬೆಳಕಿಗೆ ಬರಬಹುದು. ಈ ಕೋಡನ್ನು ನೋಡಿಕೊಳ್ಳುವವರು ಬೇರೆಯವರಿಗಿಂತ ನಿಧಾನವಾಗಿ ಹೆಜ್ಜೆಯಿಡುವುದಕ್ಕೆ ಕಾರಣ ಇದು.

ಆದರೆ ನಿಧಾನ ಎಂದರೆ ನಿಂತಲ್ಲೇ ನಿಲ್ಲುವುದಲ್ಲ. ಲಿನಕ್ಸ್‌ನಲ್ಲಿ ಇಎಕ್ಸ್‌ಟಿ2 ಎಂಬ ಫೈಲ್ ಸಿಸ್ಟಮ್ ಬಂದದ್ದು 1993ರ ಜನವರಿಯಲ್ಲಿ. ಅದರ ವಂಶದ ಇಎಕ್ಸ್‌ಟಿ3 2001ರಲ್ಲಿ ಕರ್ನಲ್ ಸೇರಿತು. ಇಎಕ್ಸ್‌ಟಿ4 ಬಳಕೆಗೆ ಸಿದ್ಧ ಎಂದು ಘೋಷಣೆಯಾದದ್ದು 2008ರ ಡಿಸೆಂಬರಿನ 2.6.28 ಆವೃತ್ತಿಯಲ್ಲಿ. ಎಕ್ಸ್‌ಎಫ್‌ಎಸ್ ಇನ್ನೂ ದೂರದಿಂದ ಬಂದದ್ದು; ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ತನ್ನ ಐರಿಕ್ಸ್ ವ್ಯವಸ್ಥೆಗಾಗಿ ಅದನ್ನು ಕಟ್ಟಿತು. ಈ ಮೂವತ್ತು ವರ್ಷಗಳಲ್ಲಿ ಪ್ರೊಸೆಸರ್ ಒಂದರಿಂದ ನೂರಾರು ಕೋರ್‌ಗಳಿಗೆ ಬೆಳೆಯಿತು, ಮೆಮೊರಿ ಮೆಗಾಬೈಟ್‌ನಿಂದ ಟೆರಾಬೈಟ್‌ಗೆ ಹೋಯಿತು, ಡಿಸ್ಕಿನ ತಿರುಗುವ ತಟ್ಟೆಯ ಜಾಗಕ್ಕೆ ಎನ್‌ವಿಎಂಇ ಎಂಬ ವೇಗದ ಚಿಪ್ ಸಂಗ್ರಹ ಬಂತು. ಫೈಲ್ ಸಿಸ್ಟಮ್ ಕೋಡ್ ತಾನಾಗಿ ಹಳತಾಗುವುದಿಲ್ಲ. ಒಂದು ಸಾಲೂ ಬದಲಾಗದಿದ್ದರೂ ಅದರ ಸುತ್ತಲಿನ ಕರ್ನಲ್ ಬದಲಾಗುತ್ತದೆ, ಯಂತ್ರ ಬದಲಾಗುತ್ತದೆ. ಆಗ ಆ ಕೋಡ್ ಹಳತಾಗಿಬಿಡುತ್ತದೆ.

ನಾನು ಇಂದು ಹೇಳಬೇಕೆಂದಿರುವುದು ಇದನ್ನೇ: ಒಳಗಿನದನ್ನೆಲ್ಲ ಬದಲಾಯಿಸುತ್ತಲೇ ಇರಬೇಕು, ಡಿಸ್ಕಿನ ಮೇಲೆ ಬರೆದದ್ದಕ್ಕೆ ಮಾತ್ರ ಮಾತು ತಪ್ಪಬಾರದು. ನೋಂದಣಿ ಕಚೇರಿಯಲ್ಲಿ ಲೆಡ್ಜರ್ ಹೋಗಿ ಕಂಪ್ಯೂಟರ್ ಬರಬಹುದು, ಗಜದ ಲೆಕ್ಕ ಹೋಗಿ ಮೀಟರ್ ಬರಬಹುದು. ನಿಮ್ಮ ಅಜ್ಜ ಮಾಡಿಸಿದ ಕ್ರಯಪತ್ರ ಮಾತ್ರ ಇಂದಿಗೂ ನಡೆಯಬೇಕು. ಈ ಎರಡರ ನಡುವಿನ ಎಳೆದಾಟವೇ ಈ ಕೆಲಸದ ಕಷ್ಟ, ಮತ್ತು ನನ್ನ ಮಟ್ಟಿಗೆ ಅದರ ಸೊಗಸು.

ಒಳಗೆ ಏನು ಬದಲಾಗುತ್ತಿದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಳೆದ ಹಲವು ವರ್ಷಗಳ ಅತಿ ದೊಡ್ಡ ರಿಪೇರಿ ನಡೆದಿರುವುದು ಇಲ್ಲೇ.

ನೀವು ಒಂದು ಫೈಲ್ ಓದಿದಾಗ ಅದರ ಭಾಗಗಳು ಮೆಮೊರಿಯ ಪೇಜ್ ಕ್ಯಾಶ್‌ನಲ್ಲಿ ಉಳಿಯುತ್ತವೆ. ಸಾಮಾನ್ಯ ಇಂಟೆಲ್ ಯಂತ್ರದಲ್ಲಿ ಒಂದು ಪೇಜ್ ಎಂದರೆ 4096 ಬೈಟ್. ಡಿಸ್ಕಿನ ಬ್ಲಾಕ್ ಅದಕ್ಕಿಂತ ಚಿಕ್ಕದಿರಬಹುದು, 1024 ಬೈಟ್ ಇರಬಹುದು. ಯಾವ ಬ್ಲಾಕ್ ಡಿಸ್ಕಿನಲ್ಲಿ ಎಲ್ಲಿದೆ, ಅದು ಬದಲಾಗಿದೆಯೇ, ಓದಿ ಮುಗಿದಿದೆಯೇ ಎಂದು ನೆನಪಿಡಲು ಲಿನಕ್ಸ್ ತನ್ನ ಆರಂಭದ ದಿನಗಳಿಂದಲೂ ಬಫರ್ ಹೆಡ್ ಎಂಬ ರಚನೆಯನ್ನು ಬಳಸುತ್ತಾ ಬಂದಿದೆ. ಒಂದೊಂದು ಬ್ಲಾಕಿಗೂ ಒಂದೊಂದು ಬಫರ್ ಹೆಡ್. ನಾಲ್ಕು ಮೆಗಾಬೈಟ್ ಮೆಮೊರಿಯ ಕಾಲಕ್ಕೆ ಇದು ಸರಿಯಾದ ಲೆಕ್ಕವೇ ಆಗಿತ್ತು. ಈಗ 1 ಗಿಗಾಬೈಟ್‌ನ ಒಂದು ವಿಡಿಯೋ ಫೈಲ್ ತೆಗೆದುಕೊಳ್ಳಿ. ಅದಕ್ಕೆ 2,62,144 ಪೇಜ್‌ಗಳು ಬೇಕು. ಒಂದೊಂದನ್ನೂ ಪ್ರತ್ಯೇಕವಾಗಿ ಹುಡುಕಿ, ಲಾಕ್ ಹಾಕಿ, ಪಟ್ಟಿಗೆ ಸೇರಿಸಿ, ಪಟ್ಟಿಯಿಂದ ತೆಗೆಯಬೇಕು. ಡಿಸ್ಕ್ ನಿಧಾನವಾಗಿದ್ದಾಗ ಈ ಶ್ರಮ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಡಿಸ್ಕ್ ವೇಗವಾದ ಮೇಲೆ ಲೆಕ್ಕ ಇಡುವ ಕೆಲಸವೇ ಭಾರವಾಯಿತು.

ಹಲವು ಪೇಜ್‌ಗಳನ್ನು ಒಂದೇ ಗುಂಪಾಗಿ ನಡೆಸುವ ಉಪಾಯ ಕರ್ನಲ್‌ನಲ್ಲಿ ಮೊದಲೇ ಇತ್ತು. ಆದರೆ ಒಂದು ಫಂಕ್ಷನ್‌ನ ಕೈಗೆ ಪೇಜ್ ಬಂದಾಗ ಅದು ಗುಂಪಿನ ತಲೆಯೋ ಬಾಲವೋ ಎಂದು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಕೋಡಿನ ಉದ್ದಕ್ಕೂ ತಪಾಸಣೆ, ಮತ್ತೆ ತಪಾಸಣೆ. ಕರ್ನಲ್ ಎಂಜಿನಿಯರ್ ಮ್ಯಾಥ್ಯೂ ವಿಲ್ಕಾಕ್ಸ್ ಮುಂದಿಟ್ಟ ಫೋಲಿಯೊ ಎಂಬ ಹೊಸ ಪ್ರಕಾರ ಈ ಗೊಂದಲವನ್ನು ಬಿಡಿಸಿತು. ಫೋಲಿಯೊ ಯಾವಾಗಲೂ ಇಡೀ ಗುಂಪನ್ನೇ ಸೂಚಿಸುತ್ತದೆ, ಬಾಲವನ್ನು ಎಂದಿಗೂ ಸೂಚಿಸುವುದಿಲ್ಲ. ಇದನ್ನು ಕಂಪೈಲರ್ ನೋಡಿಕೊಳ್ಳುತ್ತದೆ, ಮನುಷ್ಯರ ನೆನಪಿನ ಶಕ್ತಿಯಲ್ಲ. 2022ರ ಜನವರಿಯ 5.16 ಆವೃತ್ತಿಯಲ್ಲಿ ಅದು ಕರ್ನಲ್ ಸೇರಿತು. 5.18ರಲ್ಲಿ ಎಕ್ಸ್‌ಎಫ್‌ಎಸ್ ದೊಡ್ಡ ಫೋಲಿಯೊಗಳನ್ನು ಬಳಸತೊಡಗಿತು. ಇಎಕ್ಸ್‌ಟಿ4ರ ಸಾಮಾನ್ಯ ಫೈಲ್‌ಗಳಿಗೆ ಆ ಸೌಲಭ್ಯ ಬರಲು 2025ರ 6.16ರವರೆಗೆ ಕಾಯಬೇಕಾಯಿತು.

ಈ ಅಂತರ ಏಕೆ ಎಂದು ಕೇಳಬೇಕು. ಎಕ್ಸ್‌ಎಫ್‌ಎಸ್ ಬಫರ್ ಹೆಡ್ ಬಿಟ್ಟು ಐಒಮ್ಯಾಪ್ ಎಂಬ ಹೊಸ ಪದರಕ್ಕೆ ಮೊದಲೇ ಸರಿದಿತ್ತು. ಐಒಮ್ಯಾಪ್ ಹುಟ್ಟಿದ್ದೇ ಎಕ್ಸ್‌ಎಫ್‌ಎಸ್‌ನ ಕೋಡಿನಿಂದ. ಅಲ್ಲಿ ಫೈಲ್ ಸಿಸ್ಟಮ್ ಉತ್ತರಿಸಬೇಕಾದ ಮುಖ್ಯ ಪ್ರಶ್ನೆ ಒಂದೇ: ಫೈಲಿನ ಈ ಇಷ್ಟುದ್ದದ ಭಾಗ ಡಿಸ್ಕಿನಲ್ಲಿ ಎಲ್ಲಿದೆ? ಉಳಿದ ಓಡಾಟವನ್ನೆಲ್ಲ ಸಾಮಾನ್ಯ ಕೋಡ್ ಮಾಡುತ್ತದೆ. ಇಎಕ್ಸ್‌ಟಿ4ಗೆ ಹಾಗಲ್ಲ. ಬದಲಾವಣೆಗಳನ್ನು ಮೊದಲು ದಾಖಲಿಸಿಡುವ ಅದರ ಜರ್ನಲ್ ವ್ಯವಸ್ಥೆಯೇ ಬಫರ್ ಹೆಡ್‌ಗಳ ಮೇಲೆ ನಿಂತಿದೆ. ಒಂದು ಕಲ್ಲು ಎಳೆದರೆ ಗೋಡೆ ಅಲುಗುವ ಸ್ಥಿತಿ ಅದು. ಹಾಗಾಗಿ ತುಂಡು ತುಂಡಾಗಿ ಬದಲಾಯಿಸಿದರು. ಮೊದಲು ನೇರ ಓದು-ಬರಹದ ದಾರಿ, ಆಮೇಲೆ ಉಳಿದದ್ದು. ಹೊರಗಿನಿಂದ ನೋಡುವವರಿಗೆ ಇದು ಆಲಸ್ಯದಂತೆ ಕಂಡೀತು. ಕೋಟ್ಯಂತರ ಯಂತ್ರಗಳ ಮೇಲೆ ಓಡುತ್ತಿರುವ ಫೈಲ್ ಸಿಸ್ಟಮ್ ಅದು. ಈ ನಿಧಾನವನ್ನು ನಾನು ಗೌರವದಿಂದ ನೋಡುತ್ತೇನೆ.

ಇಲ್ಲಿ ನಮ್ಮ ಊರಿನ ಮಾತೊಂದನ್ನು ಹೇಳಲೇಬೇಕು. ಪವರ್ ಪ್ರೊಸೆಸರ್ ಇರುವ ಐಬಿಎಂ ಯಂತ್ರಗಳಲ್ಲಿ ಲಿನಕ್ಸ್ ಸಾಮಾನ್ಯವಾಗಿ 64 ಕಿಲೋಬೈಟ್ ಪೇಜ್ ಇಟ್ಟುಕೊಳ್ಳುತ್ತದೆ. ಪೇಜ್ ಮತ್ತು ಬ್ಲಾಕ್ ಎರಡೂ 4 ಕಿಲೋಬೈಟ್ ಎಂದು ಅರಿವಿಲ್ಲದೆಯೇ ಊಹಿಸಿ ಬರೆದ ಕೋಡ್ ಅಲ್ಲಿ ಮುರಿದು ಬೀಳುತ್ತದೆ. ಇಎಕ್ಸ್‌ಟಿ4ರ ಇಂಥ ದೋಷಗಳನ್ನು ಹುಡುಕಿ ಸರಿಪಡಿಸಿದವರಲ್ಲಿ ಐಬಿಎಂನ ಭಾರತದ ತಂಡಗಳ ಎಂಜಿನಿಯರುಗಳು ಇದ್ದಾರೆ. ಫೈಲಿಗೆ ಮುಂಗಡವಾಗಿ ಜಾಗ ಕಾದಿರಿಸುವ ಎಫ್‌ಅಲೊಕೇಟ್ ಸಿಸ್ಟಮ್ ಕಾಲ್ 2007ರ 2.6.23 ಆವೃತ್ತಿಯಲ್ಲಿ ಬಂತು. ಅದನ್ನು ಬರೆದು, ವಾದಿಸಿ, ಒಪ್ಪಿಸಿದ ಕೆಲಸವೂ ಭಾರತದ ಐಬಿಎಂ ಎಂಜಿನಿಯರುಗಳಿಂದಲೇ ನಡೆಯಿತು. ಬೆಂಗಳೂರಿನಲ್ಲಿ 2001ರಿಂದಲೇ ಲಿನಕ್ಸ್ ಸಮ್ಮೇಳನಗಳು ನಡೆದಿವೆ. ಕರ್ನಲ್ ಎಂಬುದು ಎಲ್ಲೋ ದೂರದಲ್ಲಿ ಯಾರೋ ಬರೆಯುವ ವಸ್ತು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಉಳಿದಿರುವುದು ನನಗೆ ಬೇಸರದ ಸಂಗತಿ.

ಈಗ ಇನ್ನೊಂದು ಪ್ರಶ್ನೆ. ಒಳಗಿನ ಇಂಟರ್‌ಫೇಸ್ ಬದಲಾದಾಗ ಹತ್ತಾರು ಫೈಲ್ ಸಿಸ್ಟಮ್‌ಗಳನ್ನು ಅದಕ್ಕೆ ಹೊಂದಿಸುವವರು ಯಾರು? ಲಿನಕ್ಸ್‌ನ ರೂಢಿ ಸ್ಪಷ್ಟವಾಗಿದೆ. ಬದಲಾಯಿಸಿದವರೇ ಎಲ್ಲ ಕಡೆಯೂ ಸರಿಪಡಿಸಬೇಕು. ನ್ಯಾಯವಾದ ರೂಢಿ; ಆದರೆ ಅದರ ಭಾರ ಎಲ್ಲಿ ಬೀಳುತ್ತದೆ ನೋಡಿ. ಬಳಸುವವರು ಯಾರೆಂದು ಗೊತ್ತಿಲ್ಲದ, ಪರೀಕ್ಷಿಸಲು ಸರಿಯಾದ ಡಿಸ್ಕ್ ಇಮೇಜೂ ಸಿಗದ, ಉತ್ತರ ಕೊಡುವ ನಿರ್ವಾಹಕರಿಲ್ಲದ ಒಂದು ಫೈಲ್ ಸಿಸ್ಟಮ್ ಇದ್ದರೆ, ಫೋಲಿಯೊದಂಥ ಕೆಲಸ ಮಾಡುವವರು ಅದನ್ನೂ ಓದಿ ಅರ್ಥಮಾಡಿಕೊಂಡು, ಪರೀಕ್ಷೆಯಿಲ್ಲದೆಯೇ ತಿದ್ದಬೇಕಾಗುತ್ತದೆ. ಕಂಪೈಲ್ ಆಯಿತು, ಮುಂದೆ ಹೋಗೋಣ ಎಂಬಂತಾಗುತ್ತದೆ. ಇದು ಬಳಕೆದಾರರಿಗೆ ಮಾಡುವ ಉಪಕಾರವಲ್ಲ. ಇನ್ನೂ ಯಾರೋ ಕಾಯುತ್ತಿದ್ದಾರೆ ಎಂದು ಅವರು ನಂಬಿರುತ್ತಾರೆ, ಕಾಯುವವರೇ ಇರುವುದಿಲ್ಲ.

ರೈಸರ್‌ಎಫ್‌ಎಸ್‌ನ ವಿಷಯದಲ್ಲಿ ಇದು ನಡೆಯಿತು. 2001ರಲ್ಲಿ 2.4.1 ಆವೃತ್ತಿಗೆ ಸೇರಿದಾಗ ಅದು ಹೊಸ ವಿಚಾರಗಳ ಫೈಲ್ ಸಿಸ್ಟಮ್. ಚಿಕ್ಕ ಚಿಕ್ಕ ಫೈಲ್‌ಗಳನ್ನು ಒಂದೇ ಬ್ಲಾಕಿನಲ್ಲಿ ಒತ್ತೊತ್ತಾಗಿ ಜೋಡಿಸುವ ಅದರ ಜಾಣ್ಮೆಯನ್ನು ಆಗಿನ ಮೇಲ್ ಸರ್ವರ್ ನಡೆಸಿದವರು ಈಗಲೂ ನೆನೆಯುತ್ತಾರೆ. ಕಾಲಕ್ರಮದಲ್ಲಿ ಬಳಕೆದಾರರು ಕರಗಿದರು, ತಿದ್ದುವವರು ಉಳಿಯಲಿಲ್ಲ, 2038ರ ಆಚೆಗೆ ದಿನಾಂಕ ಬರೆಯುವ ಜಾಗವೂ ಅದರ ವಿನ್ಯಾಸದಲ್ಲಿರಲಿಲ್ಲ. 2022ರ 5.18ರಲ್ಲಿ ಇದನ್ನು ತೆಗೆಯಲಾಗುತ್ತದೆ ಎಂಬ ಎಚ್ಚರಿಕೆ ಹಾಕಿದರು. ಬಳಕೆದಾರರಿಗೆ ತಮ್ಮ ದತ್ತಾಂಶವನ್ನು ಬೇರೆಡೆಗೆ ಸಾಗಿಸಲು ವರ್ಷಗಟ್ಟಲೆ ಸಮಯ ಕೊಟ್ಟು, 2025ರ ಜನವರಿಯಲ್ಲಿ ಬಂದ 6.13ರಲ್ಲಿ ಕೋಡ್ ತೆಗೆದರು. ಇದು ಸರಿಯಾದ ಕ್ರಮ ಎಂದು ನಾನು ದೃಢವಾಗಿ ನಂಬುತ್ತೇನೆ. ಮಾತು ಉಳಿಸಿಕೊಳ್ಳಲು ಆಗದಿದ್ದಾಗ ಮೊದಲೇ ಹೇಳಿ, ಕಾಲಾವಕಾಶ ಕೊಟ್ಟು ಬಿಡಿಸಿಕೊಳ್ಳುವುದು ಕೂಡ ಮಾತು ಉಳಿಸಿಕೊಂಡಂತೆಯೇ. ಇಎಕ್ಸ್‌ಟಿ3ರ ಕೋಡ್ 2015ರಲ್ಲಿ, 4.3 ಆವೃತ್ತಿಯಲ್ಲಿ ಹೋದಾಗ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಇಎಕ್ಸ್‌ಟಿ4ರ ಕೋಡೇ ಹಳೆಯ ಡಿಸ್ಕುಗಳನ್ನು ಓದುತ್ತದೆ. ಅದು ಸಾಧ್ಯವಾಗುವ ಕಡೆಯೆಲ್ಲ ಹಾಗೆಯೇ ಆಗಬೇಕು.

ಮಾತು ಎಂದರೆ ಡಿಸ್ಕಿನ ರಚನೆ ಮಾತ್ರವೇ? ಅಲ್ಲ. 2009ರ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಪ್ರೋಗ್ರಾಂ ತನ್ನ ಸೆಟ್ಟಿಂಗ್ ಫೈಲನ್ನು ಉಳಿಸುವಾಗ ಸಾಮಾನ್ಯವಾಗಿ ಹೊಸ ಹೆಸರಿನಲ್ಲಿ ಬರೆದು, ಮುಚ್ಚಿ, ಆಮೇಲೆ ಹಳೆಯ ಹೆಸರಿಗೆ ಮರುನಾಮಕರಣ ಮಾಡುತ್ತದೆ. ಇಎಕ್ಸ್‌ಟಿ3ರ ಸಾಮಾನ್ಯ ಕ್ರಮದಲ್ಲಿ ಹೆಸರಿನ ಬದಲಾವಣೆ ಜರ್ನಲ್‌ಗೆ ಹೋಗುವ ಮೊದಲೇ ಫೈಲಿನ ಒಳಗಿನ ದತ್ತಾಂಶ ಡಿಸ್ಕಿಗೆ ಹೋಗುತ್ತಿತ್ತು. ಹೀಗೆಯೇ ಆಗಬೇಕೆಂದು ಯಾವ ಮಾನದಂಡವೂ ಹೇಳಿರಲಿಲ್ಲ; ಆದರೂ ಆಗುತ್ತಿತ್ತು. ಇಎಕ್ಸ್‌ಟಿ4 ಜಾಗದ ಹಂಚಿಕೆಯನ್ನು ಕೊನೆಯ ಗಳಿಗೆಯವರೆಗೆ ಮುಂದೂಡುತ್ತದೆ, ಇದರಿಂದ ವೇಗ ಹೆಚ್ಚುತ್ತದೆ, ಫೈಲ್ ಚೂರುಚೂರಾಗುವುದು ತಪ್ಪುತ್ತದೆ. ಆದರೆ ಮರುನಾಮಕರಣ ಜರ್ನಲ್‌ಗೆ ಹೋಗಿ, ದತ್ತಾಂಶ ಇನ್ನೂ ಮೆಮೊರಿಯಲ್ಲೇ ಇರುವಾಗ ಕರೆಂಟ್ ಹೋದರೆ ಹಳೆಯ ಫೈಲೂ ಇಲ್ಲ, ಹೊಸದೂ ಇಲ್ಲ. ಸೊನ್ನೆ ಬೈಟ್‌ನ ಫೈಲ್ ಒಂದು ಉಳಿಯುತ್ತದೆ. ಡೆಸ್ಕ್‌ಟಾಪ್ ಬಳಸುತ್ತಿದ್ದವರ ಸೆಟ್ಟಿಂಗ್‌ಗಳು ಹೀಗೆ ಖಾಲಿಯಾದವು.

ದತ್ತಾಂಶವನ್ನು ಈಗಲೇ ಡಿಸ್ಕಿಗೆ ಇಳಿಸು ಎನ್ನುವ ಎಫ್‌ಸಿಂಕ್ ಕರೆಯದೇ ಇದ್ದದ್ದು ಪ್ರೋಗ್ರಾಂ ಬರೆದವರ ತಪ್ಪು ಎಂಬ ವಾದ ಶಾಸ್ತ್ರಕ್ಕೆ ಸರಿಯಾಗಿತ್ತು. ಆದರೂ ಇಎಕ್ಸ್‌ಟಿ4ರ ನಿರ್ವಾಹಕ ಥಿಯೋಡೋರ್ ತ್ಸೊ ಕೋಡ್ ಬದಲಾಯಿಸಿದರು. ಇರುವ ಫೈಲಿನ ಮೇಲೆ ಮರುನಾಮಕರಣ ಮಾಡಿದಾಗ ಬಾಕಿ ಇರುವ ಹಂಚಿಕೆಯನ್ನು ಕೂಡಲೇ ಮುಗಿಸುವ ಏರ್ಪಾಡು ಅದು. ಇಂದಿಗೂ ತಾನಾಗಿಯೇ ಚಾಲ್ತಿಯಲ್ಲಿದೆ. ಜನ ಯಾವುದನ್ನು ನಂಬಿ ಬದುಕುತ್ತಿದ್ದಾರೋ ಅದೂ ಒಪ್ಪಂದವೇ ಎಂಬ ತೀರ್ಮಾನ ಅದರ ಹಿಂದಿದೆ. ಎಫ್‌ಸಿಂಕ್ ಕರೆದವರಿಗೂ ಕಷ್ಟ ತಪ್ಪಿರಲಿಲ್ಲ ಎಂಬುದು 2018ರಲ್ಲಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಡೇಟಾಬೇಸ್ ಅಭಿವೃದ್ಧಿಪಡಿಸುವವರ ಚರ್ಚೆಯಿಂದ ಹೊರಬಂತು. ಡಿಸ್ಕಿಗೆ ಬರೆಯುವುದು ವಿಫಲವಾದರೆ ಎಫ್‌ಸಿಂಕ್ ಒಮ್ಮೆ ದೋಷ ಹೇಳುತ್ತಿತ್ತು. ಮತ್ತೆ ಕರೆದರೆ ಎಲ್ಲ ಸರಿ ಎನ್ನುತ್ತಿತ್ತು, ದತ್ತಾಂಶ ಮಾತ್ರ ಡಿಸ್ಕಿಗೆ ಹೋಗಿರುತ್ತಿರಲಿಲ್ಲ. ದೋಷದ ಲೆಕ್ಕ ಇಡುವ ಕ್ರಮವನ್ನು ಕರ್ನಲ್ 2017ರ 4.13ರಿಂದ ಸುಧಾರಿಸತೊಡಗಿತ್ತು. ಡೇಟಾಬೇಸ್‌ನವರು ಮತ್ತು ಕರ್ನಲ್‌ನವರು ಎದುರುಬದುರು ಕುಳಿತು ಮಾತನಾಡಿದ ಮೇಲೆ ಉಳಿದದ್ದು ಸ್ಪಷ್ಟವಾಯಿತು.

ಇನ್ನು ನಮ್ಮ ಲಿಪಿಗೇ ತಟ್ಟುವ ಒಂದು ವಿಷಯ. ಲಿನಕ್ಸ್‌ಗೆ ಫೈಲಿನ ಹೆಸರು ಅಂದರೆ ಬೈಟ್‌ಗಳ ಸಾಲು. ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಹಾಗಾಗಿ ನಮಗೆ ಸಿಗುವುದು 85 ಸಂಕೇತ. ‘ಲಕ್ಷ್ಮೀ’ ಎಂಬ ಎರಡಕ್ಷರದ ಹೆಸರೇ 7 ಸಂಕೇತ, 21 ಬೈಟ್. ಕನ್ನಡದಲ್ಲಿ ಉದ್ದನೆಯ ಹೆಸರಿಟ್ಟು ಫೈಲ್ ನಕಲಾಗದೆ ಹೋದವರಿಗೆ ಇದರ ಬಿಸಿ ತಟ್ಟಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು: ‘ಕೋಶ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಬೇರೆ ಬೇರೆ, ಆದ್ದರಿಂದ ಒಂದೇ ಫೋಲ್ಡರಿನಲ್ಲಿ ಎರಡು ‘ಕೋಶ’ಗಳು ಇರಬಲ್ಲವು.

ದೊಡ್ಡಕ್ಷರ-ಸಣ್ಣಕ್ಷರದ ಭೇದ ಮಾಡದ ಫೋಲ್ಡರುಗಳ ಸೌಲಭ್ಯ 2019ರ 5.2ರಲ್ಲಿ ಇಎಕ್ಸ್‌ಟಿ4ಗೆ ಬಂತು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಬಳಕೆಯಲ್ಲಿರುವ ಎಫ್2ಎಫ್‌ಎಸ್‌ನಲ್ಲೂ ಅದು ಇದೆ. ಅಂಥ ಫೋಲ್ಡರಿನಲ್ಲಿ ಹೆಸರುಗಳನ್ನು ಹೋಲಿಸುವ ಮೊದಲು ಅವನ್ನು ಒಂದೇ ರೂಪಕ್ಕೆ ತರಲಾಗುತ್ತದೆ. ಆಗ ಕಣ್ಣಿಗೆ ಕಾಣದ ಕೆಲವು ಸಂಕೇತಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಬೀಳದಂತೆ ನಾವು ನಡುವೆ ಇಡುವ ಅದೃಶ್ಯ ಸಂಕೇತವೂ ಅವುಗಳಲ್ಲಿ ಒಂದು. ಅದೃಶ್ಯ ಸಂಕೇತಗಳನ್ನು ಹೀಗೆ ಕಡೆಗಣಿಸುವುದು ತಪ್ಪು ಎಂದು ಮನಗಂಡು 2024ರಲ್ಲಿ ಅದನ್ನು ತಿದ್ದಿದರು. ತಿದ್ದಿದ್ದೇ ತಡ, ಕೆಲವರ ಹಳೆಯ ಫೈಲ್‌ಗಳು ಕಾಣಿಸದಾದವು. ಹೆಸರಿನಿಂದ ಲೆಕ್ಕ ಹಾಕಿದ ಹ್ಯಾಶ್ ಸಂಖ್ಯೆ ಹಳೆಯ ನಿಯಮದಂತೆ ಡಿಸ್ಕಿನಲ್ಲಿ ಕುಳಿತಿತ್ತು. ಹೊಸ ನಿಯಮದಿಂದ ಹುಡುಕಿದರೆ ಬೇರೆ ಸಂಖ್ಯೆ ಬರುತ್ತಿತ್ತು. ಆ ಡಿಸೆಂಬರಿನಲ್ಲೇ ಲಿನಕ್ಸ್ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದರು. ಹಳೆಯ ನಡವಳಿಕೆ ತಪ್ಪೇ ಆಗಿದ್ದರೂ ಅದು ಡಿಸ್ಕಿಗೆ ಇಳಿದುಬಿಟ್ಟಿತ್ತು. ನಮ್ಮ ಭಾಷೆಯಲ್ಲಿ ಹೆಸರಿಟ್ಟು ಪರೀಕ್ಷಿಸುವವರು ಆ ಚರ್ಚೆಯಲ್ಲಿ ಮೊದಲೇ ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ದಿನಾಂಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 32 ಬಿಟ್‌ನಲ್ಲಿ ಸೆಕೆಂಡುಗಳನ್ನು ಎಣಿಸುವ ಹಳೆಯ ಕ್ರಮ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ತುಂಬಿಹೋಗುತ್ತದೆ. ಪ್ರತಿ ಫೈಲಿನ ವಿವರ ಇಡುವ ಐನೋಡ್ ಎಂಬ ದಾಖಲೆ 256 ಬೈಟ್ ಇರುವ ಇಎಕ್ಸ್‌ಟಿ4 2446ರವರೆಗೆ ನಡೆಯುತ್ತದೆ. ಎಕ್ಸ್‌ಎಫ್‌ಎಸ್‌ಗೆ 5.10ರಲ್ಲಿ ಬಂದ ಹೊಸ ಸೌಲಭ್ಯ 2486ರವರೆಗೆ ಒಯ್ಯುತ್ತದೆ. 128 ಬೈಟ್ ಐನೋಡ್‌ನ ಹಳೆಯ ಡಿಸ್ಕುಗಳಲ್ಲಿ ಜಾಗವೇ ಇಲ್ಲ. ನಿಮ್ಮ ಕಾಲೇಜಿನ, ಕಚೇರಿಯ ಹಳೆಯ ಸರ್ವರುಗಳಲ್ಲಿ ಐನೋಡ್ ಗಾತ್ರ ಎಷ್ಟಿದೆ ಎಂದು ಈ ವಾರವೇ ನೋಡಿ. ಎಕ್ಸ್‌ಎಫ್‌ಎಸ್‌ನ ಹಳೆಯ ನಾಲ್ಕನೇ ರೂಪದ ಬೆಂಬಲವೂ 2030ರ ಸೆಪ್ಟೆಂಬರಿಗೆ ಮುಗಿಯುವುದೆಂದು ಈಗಾಗಲೇ ತಿಳಿಸಲಾಗಿದೆ.

ಸಭೆಯಿಂದ ಬಂದ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ಕರ್ನಲ್‌ಗೆ ರಸ್ಟ್ ಭಾಷೆ ಬಂದಿದೆಯಲ್ಲ, ಇದನ್ನೆಲ್ಲ ಹೊಸದಾಗಿ ಬರೆಯುವಾಗ ಹಳೆಯ ಸಿ ಕೋಡನ್ನು ನಾವೇಕೆ ಓದಬೇಕು?”

ಒಳ್ಳೆಯ ಪ್ರಶ್ನೆ ಅಮ್ಮಾ. 2022ರ ಡಿಸೆಂಬರಿನ 6.1ರಲ್ಲಿ ರಸ್ಟ್ ಬೆಂಬಲ ಬಂತು, ನಿಜ. ಫೈಲ್ ಸಿಸ್ಟಮ್ ಬರೆಯಲು ರಸ್ಟ್‌ನಲ್ಲಿ ಇಂಟರ್‌ಫೇಸ್ ಕಟ್ಟುವ ಪ್ರಯತ್ನಗಳು ನಡೆದಾಗ ಎದುರಾದ ಕಷ್ಟ ಭಾಷೆಯದ್ದಲ್ಲ. ಈ ಫಂಕ್ಷನ್ ಕರೆಯುವಾಗ ಯಾವ ಲಾಕ್ ಹಿಡಿದಿರಬೇಕು, ಈ ಐನೋಡನ್ನು ಯಾರು ಯಾವಾಗ ಬಿಡಬೇಕು ಎಂಬ ನಿಯಮಗಳು ಸಿ ಕೋಡಿನಲ್ಲಿ ಅನುಭವಸ್ಥರ ತಲೆಯಲ್ಲಿವೆ, ಕಾಗದದಲ್ಲಿಲ್ಲ. ರಸ್ಟ್‌ಗೆ ಅವನ್ನು ಬಿಡಿಸಿ ಹೇಳಲೇಬೇಕು. ಆ ನಿಯಮಗಳನ್ನು ಕಂಡುಹಿಡಿಯಲು ಸಿ ಕೋಡ್ ಓದುವುದೊಂದೇ ದಾರಿ. ಮಿನಿಕ್ಸ್ ಫೈಲ್ ಸಿಸ್ಟಮ್‌ನಿಂದ ಶುರುಮಾಡಿ, ಅದು ಕೆಲವೇ ಸಾವಿರ ಸಾಲು.

ಇನ್ನೊಬ್ಬರು ಕೇಳಿದ್ದು: “ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಬಿಟ್ಟರೆ ಬೇರೇನೂ ಇಲ್ಲ. ನಾನು ಏನು ಮಾಡಬಹುದು?”

ಬೇಕಾದಷ್ಟಾಯಿತು. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷಾ ಸಂಗ್ರಹ ಇದೆ. ಎಕ್ಸ್‌ಎಫ್‌ಎಸ್‌ಗಾಗಿ ಹುಟ್ಟಿದ್ದು, ಈಗ ಲಿನಕ್ಸ್‌ನ ಮುಖ್ಯ ಫೈಲ್ ಸಿಸ್ಟಮ್‌ಗಳೆಲ್ಲ ಅದರ ಮೇಲೆಯೇ ಪರೀಕ್ಷೆಗೆ ನಿಲ್ಲುತ್ತವೆ. ವರ್ಚುವಲ್ ಯಂತ್ರವೊಂದರಲ್ಲಿ ಹೊಸ ಕರ್ನಲ್ ಕಟ್ಟಿ, ಅದರೊಳಗೆ ಈ ಪರೀಕ್ಷೆಗಳನ್ನು ಓಡಿಸಿ. ಎಲ್ಲರೂ ಓಡಿಸುವ 4 ಕಿಲೋಬೈಟ್ ಬ್ಲಾಕ್ ಬೇಡ. 1 ಕಿಲೋಬೈಟ್ ಬ್ಲಾಕ್ ಇಟ್ಟು ಓಡಿಸಿ, ಫೋಲಿಯೊ ಕೆಲಸದ ಅಂಚಿನ ದೋಷಗಳು ಅಲ್ಲೇ ಅಡಗಿರುತ್ತವೆ. ಲಾಕ್‌ಗಳ ಕ್ರಮ ನೋಡುವ ಲಾಕ್‌ಡೆಪ್ ತಪಾಸಣೆಯನ್ನು ಚಾಲೂ ಇಡಿ. ಯಾವುದಾದರೂ ಪರೀಕ್ಷೆ ಬಿದ್ದರೆ, ಹಿಂದಿನ ಆವೃತ್ತಿಯಲ್ಲೂ ಬೀಳುತ್ತದೆಯೇ ನೋಡಿ. ಅಲ್ಲಿ ಬೀಳದಿದ್ದರೆ, ಗಿಟ್‌ನ ಬೈಸೆಕ್ಟ್ ಬಳಸಿ ಯಾವ ಬದಲಾವಣೆಯಿಂದ ಶುರುವಾಯಿತೆಂದು ಹುಡುಕಿ. ಮೇಂಟೇನರ್ಸ್ ಎಂಬ ಫೈಲಿನಲ್ಲಿ ಆ ಭಾಗ ನೋಡಿಕೊಳ್ಳುವವರ ವಿಳಾಸ ಇರುತ್ತದೆ. ಕರ್ನಲ್ ಆವೃತ್ತಿ, ಪರೀಕ್ಷೆಯ ಹೆಸರು, ಬ್ಲಾಕ್ ಗಾತ್ರ, ಬೈಸೆಕ್ಟ್‌ನಲ್ಲಿ ಸಿಕ್ಕ ಬದಲಾವಣೆ, ಇಷ್ಟನ್ನು ಬರೆದು ಕಳುಹಿಸಿ. ಅಂಥ ಪತ್ರಕ್ಕೆ ಉತ್ತರ ಬರುತ್ತದೆ.